ಹದಿನಾಲ್ಕೂ ಉಳಿದವು, ಅತ್ತೆ

ಅತ್ತೆ,

ನಿಮ್ಮ ಹದಿನಾಲ್ಕು ಕೋಳಿಗಳೂ ಉಳಿದವು! ಮೊದಲು ನಿಮಗೇ ಹೇಳಬೇಕೆನಿಸಿತು. "ನಿನ್ನ ಕೈಗೆ ಕೊಟ್ರೆ ಒಂದೂ ಬದುಕಲ್ಲ" ಎಂದಿದ್ದಿರಿ. ನೀವು ತೀರಿಕೊಂಡು ಏಳು ತಿಂಗಳಾಯಿತು.

ಹೋದ ಸೋಮವಾರ ನಿಮ್ಮ ಜಗಳಗಂಟಿ ಹೇಂಟೆ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಕೂತಿತ್ತು. ಉಸಿರೆಳೆದರೆ ಗೊರಗೊರ ಸದ್ದು. ಪಶುವೈದ್ಯರು ಬಂದು ನೋಡಿ, "ಇದನ್ನ ಈಗ್ಲೇ ಬೇರೆ ಇಡಿ. ಹರಡಿದ್ರೆ ಗೂಡೇ ಖಾಲಿಯಾಗುತ್ತೆ," ಎಂದರು.

"ಒಂದು ಕೋಳಿಗೆ ಇಷ್ಟೊಂದು ರಾದ್ಧಾಂತನಾ?" ಎಂದರು ನಿಮ್ಮ ಮಗ.

ನಾನು ಟೊಂಕ ಕಟ್ಟಿ ನಿಂತೆ. ಗೂಡಿನ ಒದ್ದೆ ಹೊಟ್ಟನ್ನೆಲ್ಲ ಬಾಚಿ ತೆಗೆದು ಒಣಗಿದ್ದು ಹಾಸಿದೆ. ನೀರಿನ ಬಟ್ಟಲುಗಳನ್ನು ತಿಕ್ಕಿ ಬಿಸಿಲಿಗಿಟ್ಟೆ. ಗೂಡಿಗೊಂದು ಜೊತೆ ಚಪ್ಪಲಿ, ಜಗಳಗಂಟಿಯ ಕೋಣೆಗೆ ಇನ್ನೊಂದು. ಸೋಪು ಹಾಕಿ ತೊಳೆದು ತೊಳೆದು ಕೈಯೇ ಬಿರಿಯಿತು. ಆದರೆ ಉಳಿದ ಹದಿಮೂರರಲ್ಲಿ ಒಂದೂ ಸೀನಲಿಲ್ಲ.

ಜಗಳಗಂಟಿಯನ್ನು ಇಟ್ಟದ್ದು ನಿಮ್ಮ ಕೋಣೆಯಲ್ಲಿ. ಐದು ದಿನ ಅಲ್ಲೇ ಕೂತು ಅದರ ಕೊಕ್ಕಿನ ಅಂಚಿಗೆ ಹನಿಹನಿಯಾಗಿ ಔಷಧಿ ಬಿಟ್ಟೆ. ನಿಮ್ಮ ಮಂಚದ ಪಕ್ಕ ಕೂತರೆ ಕಿಟಕಿಯಲ್ಲಿ ಗೂಡು ಪೂರ್ತಿ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನೀವು ಹಾಸಿಗೆ ಹಿಡಿದು ಮಲಗಿದ್ದಾಗ ನಾನು ಊಟದ ತಟ್ಟೆಯನ್ನು ಬಾಗಿಲ ಬಳಿಯೇ ಇಟ್ಟು ಹೋಗುತ್ತಿದ್ದೆನಲ್ಲ.

ಇವತ್ತು ವೈದ್ಯರು ಮತ್ತೆ ಬಂದರು. ಬಾಗಿಲು ತೆರೆದದ್ದೇ ತಡ, ಜಗಳಗಂಟಿ ಹಾರಿ ಬಂದು ಅವರ ಹೆಬ್ಬೆರಳಿಗೇ ಕುಕ್ಕಿತು. ಅವರು ಒಂಟಿ ಕಾಲಲ್ಲಿ ಕುಣಿಯುತ್ತ, "ಪೂರ್ತಿ ಗುಣ ಆಗಿದೆಯಮ್ಮ! ಯಾರ ಕೋಳಿ ಇದು?" ಎಂದರು.

"ನಮ್ಮತ್ತೇದು!" ಎಂದೆ, ಬೀದಿಗೆಲ್ಲ ಕೇಳುವಂತೆ.