ಮಲಗಿರು, ನಾನಿದ್ದೀನಲ್ಲ

ಹೊಲಿಗೆ ಅಂಗಡಿಯ ಮೇಲಿನ ಕೋಣೆ,
ಮಾರ್ಚ್ ಮೂರು, ಭಾನುವಾರ

ಪ್ರೀತಿಯ ಅಣ್ಣನಿಗೆ,

ತಂಗಿಯ ನಮಸ್ಕಾರ. ಹೇಗಿದ್ದೀಯ? ಬಂದರಿನಲ್ಲಿ ಕೆಲಸ ಹೆಚ್ಚೇ? ಆ ಎತ್ತರದ ಕ್ರೇನಿನ ಕ್ಯಾಬಿನ್ನಿನಲ್ಲಿ ಇಡೀ ದಿನ ಕೂತು ಇಳಿದ ಮೇಲೆ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೆಂದು ನಂಬಿದ್ದೇನೆ, ನಂಬುವುದಕ್ಕೆ ಕಾರಣವೇನೂ ಇಲ್ಲದಿದ್ದರೂ. ಕೆಮ್ಮು ಹೋಯಿತೇ? ನಾವಿಬ್ಬರೂ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನೇನೋ ಕ್ಷೇಮ. ನಿನ್ನ ಮಗಳೂ ಕ್ಷೇಮವಾಗಿಯೇ ಇದ್ದಳು, ಮಂಗಳವಾರ ನಿನ್ನ ಕಾಗದ ಬರುವವರೆಗೆ.

ಹದಿನೈದನೇ ತಾರೀಕು ಬರುತ್ತೀಯಂತೆ. ಚೂಟಿಯನ್ನು ಕರೆದುಕೊಂಡು ಹೋಗುತ್ತೀಯಂತೆ. ಆರು ತಿಂಗಳು ನಿನ್ನ ಕ್ವಾರ್ಟರ್ಸಿನಲ್ಲಿ ಅವಳನ್ನು ಹಾಸಿಗೆ ಬಿಟ್ಟು ಏಳಗೊಡುವುದಿಲ್ಲವಂತೆ. ಈಜು, ಸೈಕಲ್ಲು, ನಿನ್ನ ಮಾತಿನಲ್ಲಿ ಹೇಳುವುದಾದರೆ ‘ಆ ಕುಣಿತ’, ಎಲ್ಲ ಈಗಿಂದೀಗಲೇ ನಿಲ್ಲಬೇಕಂತೆ. ಹತ್ತೊಂಬತ್ತು ವರ್ಷದ ಹುಡುಗಿ ಬೆನ್ನುನೋವು ಅನ್ನುತ್ತಿರುವಾಗ ಅವಳನ್ನು ಕೊಳಕ್ಕೆ ಇಳಿಸುವ ಅತ್ತೆ ಎಲ್ಲಾದರೂ ಇದ್ದಾಳೆಯೇ ಎಂದು ಕೇಳಿದ್ದೀಯ. ಇದ್ದಾಳೆ. ಅವಳೇ ಈ ಕಾಗದ ಬರೆಯುತ್ತಿರುವುದು, ಅದೂ ನಿಂತುಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮನೆ ಕೂರಬಾರದೆಂದು ನನಗೆ ಹೇಳಿದ್ದಾರೆ. ಸಿಟ್ಟು ಬಂದಾಗ ನಿಂತು ಬರೆಯುವುದೇ ಒಳ್ಳೆಯದು ಅಂತಲೂ ಇವತ್ತು ಗೊತ್ತಾಯಿತು.

ನಮ್ಮ ಮನೆಯಲ್ಲಿ ಎಲ್ಲ ಕಾಯಿಲೆಗೂ ಒಂದೇ ಮದ್ದು, ನಿನಗೆ ನೆನಪಿರಬೇಕು. ಜ್ವರಕ್ಕೂ ಹಾಸಿಗೆ, ಹಲ್ಲುನೋವಿಗೂ ಹಾಸಿಗೆ, ಪರೀಕ್ಷೆಯಲ್ಲಿ ಫೇಲಾದರೂ ಹಾಸಿಗೆ. ಒಬ್ಬರು ಮಲಗಿದರೆ ಉಳಿದವರು ತುಟಿಪಿಟಕ್ಕೆನ್ನದೆ ಅವರ ಕೆಲಸ ಹಂಚಿಕೊಳ್ಳಬೇಕು. ಮಲಗಿದವರು ಒಂದು ಲೋಟ ಎತ್ತಿಟ್ಟರೂ ಅಮ್ಮನಿಗೆ ಅವಮಾನ. ಬೇರೆ ಮನೆಗಳಲ್ಲಿ ರೋಗಿಗಳ ಕೈಲಿ ಕೆಲಸ ಮಾಡಿಸುತ್ತಾರೆ, ನಾವು ಹಾಗಲ್ಲ ಎಂದು ಬೀಗುತ್ತಿದ್ದೆವು. ನನಗೆ ಇಪ್ಪತ್ಮೂರರಲ್ಲಿ ಬೆನ್ನು ಹಿಡಿದುಕೊಂಡು ಬೆಳಗಾಗೆದ್ದರೆ ಮೈ ಹಲಗೆಯಾಗಿರುತ್ತಿದ್ದಾಗ ನಮ್ಮ ಮನೆಯವರು ನಮ್ಮ ಮನೆಯ ಮದ್ದನ್ನೇ ಕೊಟ್ಟರು. ಅಮ್ಮ ಹೋದ ಮೇಲೆ ಆ ಮದ್ದಿನ ಸೀಸೆ ನಿನ್ನ ಕೈಗೆ ಬಂತು.

ನೀನು ಏನೇನು ಮಾಡಿದೆ ಎಂದು ನಾನು ಮರೆತಿಲ್ಲ. ಬಚ್ಚಲಿಗೆ ನೀರು ತುಂಬಿಸಿದೆ. ನನ್ನ ತಲೆ ಬಾಚಿದೆ, ಬೈತಲೆ ಸೊಟ್ಟಗೆ. ಎರಡು ಹಾಸಿಗೆ ಸಾಲದೆಂದು ಮೂರನೆಯದನ್ನು ತಂದು ಹಾಕಿದೆ. ನಾನು ಕದ್ದು ಪೆಡಲು ತುಳಿಯುತ್ತೇನೆಂದು ಹೊಲಿಗೆ ಮಷೀನನ್ನು ಒಂದು ಮಧ್ಯಾಹ್ನ ಪಕ್ಕದ ಬೀದಿಯವರಿಗೆ ಎತ್ತಿಕೊಟ್ಟುಬಿಟ್ಟೆ. ಅವತ್ತು ನಾನು ಗೋಡೆಗೆ ಮುಖ ಮಾಡಿ ಅತ್ತೆ, ನೀನು ನೋವಿಗೆ ಅಳುತ್ತಿದ್ದೇನೆಂದುಕೊಂಡು ಬಿಸಿನೀರಿನ ಚೀಲ ತಂದೆ. ಮಗ್ಗುಲಲ್ಲಿ ಒರಗಿಕೊಂಡು ಬೇರೆಯವರ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುವುದಷ್ಟೇ ನನಗೆ ಉಳಿಯಿತು. ಏಳಲು ಕೈ ಊರಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿದ್ದೆ. “ಏಳ್ಬೇಡ ಕಣೇ, ಮಲಗಿರು, ನಾನಿದ್ದೀನಲ್ಲ.” ಹನ್ನೊಂದು ವರ್ಷ ಅಣ್ಣ. ನೀನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಜಗಳವಾಡಿ ಎದ್ದುಬಿಡುತ್ತಿದ್ದೆ.

ನಾನು ಎದ್ದದ್ದು ನೀನು ಬಂದರಿಗೆ ಹೋದ ಮೇಲೆ. ಇದನ್ನು ಇಷ್ಟು ವರ್ಷ ನಿನಗೆ ನೇರವಾಗಿ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಅತ್ತಿಗೆಯೂ ಇಲ್ಲದ ಮನೆಯಲ್ಲಿ ಹದಿಮೂರು ವರ್ಷದ ಚೂಟಿ ಶಾಲೆಗೆ ಹೋಗುವ ಮುಂಚೆ ನನ್ನ ಸ್ನಾನಕ್ಕೆಂದು ಬಕೆಟ್ಟು ಎಳೆಯುವುದನ್ನು ನೋಡಿ ನನಗೆ ನಾಚಿಕೆಯಾಯಿತು. ಹಲ್ಲು ಕಚ್ಚಿ ಎದ್ದೆ. ನೀರು ಹೊತ್ತೆ, ನೆಲ ಗುಡಿಸಿದೆ. ಹತ್ತು ಗಂಟೆಯ ಹೊತ್ತಿಗೆ ನೋವು ಕಡಿಮೆಯಾಗಿತ್ತು. ನನಗೆ ತಲೆ ಕೆಟ್ಟಿದೆಯೆಂದೇ ಅಂದುಕೊಂಡೆ. ಆಮೇಲೆ ಒಂದು ದಿನ ಕಣ್ಣು ಕೆಂಡದಂತೆ ಕೆಂಪಾಗಿ ಬೆಳಕು ನೋಡಲಾರದೆ ಕಣ್ಣಿನ ಡಾಕ್ಟರ ಹತ್ತಿರ ಹೋದರೆ, ಆತ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಬೆನ್ನು ನೋಯುತ್ತದೆಯೇ ಎಂದು ಕೇಳಿದರು. ಕಣ್ಣಿಗೂ ಬೆನ್ನಿಗೂ ಎತ್ತಣ ಸಂಬಂಧ ಎಂದು ನಗು ಬಂತು. ಅವರೇ ಚೀಟಿ ಬರೆದು ಕೀಲುರೋಗದ ಡಾಕ್ಟರ ಹತ್ತಿರ ಕಳಿಸಿದರು. ಆಕೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಮಲಗಿದರೆ ನೋವು ಕಡಿಮೆಯಾಗುತ್ತದೆಯೋ, ಹೆಚ್ಚಾಗುತ್ತದೆಯೋ? ಹೆಚ್ಚಾಗುತ್ತದೆ ಅಂದೆ. ಹನ್ನೊಂದು ವರ್ಷದಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ ಅನ್ನು. ಅಷ್ಟು ಪ್ರೀತಿಯಿಂದ ಹಾಸಿದ ಹಾಸಿಗೆಯನ್ನು ಚುಚ್ಚುತ್ತದೆ ಎಂದು ಹೇಗೆ ಹೇಳುವುದು?

ಎಕ್ಸ್‌ರೇಯಲ್ಲಿ ತೋರಿಸಿದರು. ಸೊಂಟದ ಹತ್ತಿರದ ಮೂಳೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು, ಎರಡು ಪದರ ಬಟ್ಟೆಯನ್ನು ಗಮನವಿಲ್ಲದೆ ಸೇರಿಸಿ ಹೊಲಿದಂತೆ. ವ್ಯತ್ಯಾಸವೇನೆಂದರೆ ಹೊಲಿಗೆಯನ್ನು ಬಿಚ್ಚಬಹುದು. ಇದು ಬೆನ್ನುಮೂಳೆಯ ಕೀಲುಗಳು ಒಳಗೊಳಗೇ ಉರಿಯುವ ಕಾಯಿಲೆ, ಉಳುಕಲ್ಲ, ಸವೆತವಲ್ಲ. ಮಾತ್ರೆ ಬೇಕು, ಆದರೆ ಮಾತ್ರೆಯಷ್ಟೇ ದಿನದಿನದ ವ್ಯಾಯಾಮವೂ ಬೇಕು, ಮೈ ಆಡದಿದ್ದರೆ ಇನ್ನಷ್ಟು ಸೆಟೆಯುತ್ತದೆ ಎಂದರು. ಮೊದಲೇ ಶುರುಮಾಡಿದ್ದರೆ ಎಂದು ಕೇಳಿದೆ. ಆಕೆ ಒಳ್ಳೆಯವರು, ಫಿಲ್ಮನ್ನು ಲಕೋಟೆಗೆ ಹಾಕಿ ವ್ಯಾಯಾಮದ ಚೀಟಿ ಬರೆದರು.

ನೀನು ಕುಣಿತ ಎನ್ನುವುದು ಏನೆಂದು ತಿಳಿದುಕೋ. ಆಸ್ಪತ್ರೆಯ ಹಿಂದಿನ ಹಾಲ್‌ನಲ್ಲಿ ಬೆಳಗ್ಗೆ ಏಳಕ್ಕೆ ನಾವು ಒಂಬತ್ತು ಜನ ಸೇರುತ್ತೇವೆ. ಕಲಿಸುವ ಫಿಸಿಯೋ ಮೇಡಂಗೆ ನಾವಿಟ್ಟ ಹೆಸರು ಹವಾಲ್ದಾರಮ್ಮ. ಮೊದಲ ದಿನ ಆಕೆ ನನ್ನ ಎದೆಗೆ ಟೇಪು ಸುತ್ತಿ ಉಸಿರು ಪೂರ್ತಿ ಬಿಡಿಸಿ ಒಂದು ಅಳತೆ, ಪೂರ್ತಿ ಎಳೆಸಿ ಒಂದು ಅಳತೆ ತೆಗೆದರು. ಊರಿನವರ ಎದೆಯೆಲ್ಲ ಅಳೆದವಳು ನಾನು. ವ್ಯತ್ಯಾಸ ಅರ್ಧ ಇಂಚೂ ಇರಲಿಲ್ಲ, ಪಕ್ಕೆಲುಬುಗಳೂ ಬಿಗಿದುಕೊಂಡಿದ್ದವು. ಈಗ ಒಂದೂಕಾಲು ಇಂಚು. ಬೆನ್ನು, ಕತ್ತು, ತೊಡೆ ಎಳೆಯುವ ವ್ಯಾಯಾಮಗಳಾದ ಮೇಲೆ ಅರ್ಧ ಗಂಟೆ ಬಿರುಸಿನ ನಡಿಗೆ ಅಥವಾ ನಿಂತಲ್ಲೇ ತುಳಿಯುವ ಸೈಕಲ್ಲು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ರಿಟೈರಾದ ಬಸ್ ಕಂಡಕ್ಟರೊಬ್ಬರು ಹಾಡಿಯೇ ತೀರುತ್ತಾರೆ, ಬೈಸಿಕೊಳ್ಳುತ್ತಾರೆ. ವಾರಕ್ಕೆರಡು ದಿನ ಬೆಚ್ಚನೆಯ ನೀರಿನ ಕೊಳ. ನೀರಿನಲ್ಲಿ ನನ್ನ ಬೆನ್ನು ನನ್ನದೆಂದೇ ಅನಿಸುವುದಿಲ್ಲ. ಮೇಲೆ ಬಂದ ಕೂಡಲೇ ಅನಿಸುತ್ತದೆ. ಆರು ವರ್ಷದ ಬೆವರಿಗೆ ನನಗೆ ಸಿಕ್ಕಿದ್ದು ಮತ್ತೆ ಒಂದು ಮಷೀನು, ಕೆಳಗಿನ ಈ ಅಂಗಡಿ, ಒಬ್ಬಳೇ ಮೆಟ್ಟಿಲು ಹತ್ತುವ ಶಕ್ತಿ. ಸೊಂಟ ಸಿಗಲಿಲ್ಲ. ಕೂಡಿಕೊಂಡದ್ದು ಕೂಡಿಕೊಂಡದ್ದೇ.

ಈಗ ಚೂಟಿಯ ವಿಷಯ. ಹೋದ ವರ್ಷ ಅವಳು ಮಂಚದ ತುದಿ ಹಿಡಿದು ಏಳಲು ಶುರುಮಾಡಿದಾಗ ಕಾಲೇಜಿನಲ್ಲಿ ಸೋಮಾರಿ ಎಂದರು. ನನಗೆ ಮಾತ್ರ ಅದರ ಗುರುತು ಸಿಕ್ಕಿತು. ಕೈಹಿಡಿದು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅದೇ ಕಾಯಿಲೆ. ಆದರೆ ಅವಳ ಮೂಳೆ ಇನ್ನೂ ಕೂಡಿಕೊಂಡಿಲ್ಲ ಅಣ್ಣ, ಒಂದೂ ಕೂಡಿಕೊಂಡಿಲ್ಲ. ಐದು ತಿಂಗಳಿಂದ ಮಾತ್ರೆ, ವ್ಯಾಯಾಮ, ಈಜು ನಡೆದಿದೆ. ಬೆಳಗಿನ ಬಿಗಿತ ಒಂದೂವರೆ ಗಂಟೆ ಇದ್ದದ್ದು ಹತ್ತು ನಿಮಿಷಕ್ಕೆ ಇಳಿದಿದೆ. ಬಗ್ಗಿದರೆ ಕಾಲ್ಬೆರಳು ಮುಟ್ಟುತ್ತಾಳೆ, ಮುಟ್ಟಿ ನನ್ನನ್ನು ಅಣಕಿಸುತ್ತಾಳೆ. ಅಣಕಿಸಲಿ. ಇಂಥ ಹುಡುಗಿಯನ್ನು ನೀನು ಆರು ತಿಂಗಳು ಮಲಗಿಸುತ್ತೀಯಾ? ನಿನ್ನ ಕಾಗದ ಓದಿದಾಗಿನಿಂದ ಅವಳು ಕೊಳದ ಕಡೆ ತಲೆ ಹಾಕಿಲ್ಲ, ಸರಿಯಾಗಿ ಮಾತೂ ಇಲ್ಲ. ಅಪ್ಪನ ಮಾತು ಮೀರಲು ಹೆದರುತ್ತಿದ್ದಾಳೆ. ನನ್ನನ್ನು ಹಾಳುಮಾಡಿದಾಗ ನಿನಗೆ ಗೊತ್ತಿರಲಿಲ್ಲ, ಅದನ್ನು ನಾನು ಹೇಗೋ ನುಂಗಿಕೊಂಡಿದ್ದೇನೆ. ಈಗ ಗೊತ್ತಾಗಿದೆ. ಗೊತ್ತಾದ ಮೇಲೂ ಮಾಡಿದರೆ ನಾನು ನಿನ್ನ ಮುಖ ನೋಡುವುದಿಲ್ಲ. ಹದಿನೈದಕ್ಕೆ ನೀನು ಬಂದರೆ ಬಾಗಿಲಿಗೆ ಅಡ್ಡ ನಿಲ್ಲುವವಳು ನಾನು. ನನ್ನ ಬೆನ್ನು ಬಗ್ಗುವುದಿಲ್ಲ, ಅದು ಒಂದು ಕೆಲಸಕ್ಕಾದರೂ ಬರಲಿ.

ಕೈ ಸೋತಿತು. ನಿನ್ನ ಆರೋಗ್ಯ ನೋಡಿಕೋ ಎಂದು ಎಂದಿನಂತೆ ಬರೆಯುತ್ತೇನೆ, ಸಿಟ್ಟಿದ್ದರೂ ಸುಳ್ಳಲ್ಲ. ನಿನ್ನ ಪಕ್ಕದ ಕ್ವಾರ್ಟರ್ಸಿನ ಆ ವೆಲ್ಡರ್ ಅಣ್ಣನಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ತಂಗಿ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಚೂಟಿ ಮೇಲೆ ಬಂದಳು. ಬಟ್ಟೆ ತುಂಬಿಕೊಂಡಾಗಿದೆಯಂತೆ, ನಿನ್ನ ಜೊತೆ ಬರುತ್ತಾಳಂತೆ. ನಾನು ತಪ್ಪು ತಿಳಿದಿದ್ದೆ, ಹೆದರಿ ಅಲ್ಲ. ಹೋದ ಸಲ ರಜಕ್ಕೆ ಬಂದಾಗ ನೀನು ಬೆಳಗ್ಗೆ ಚಿಲಕ ಹಾಕಿಕೊಂಡು ಅರ್ಧ ಗಂಟೆ ಬೂಟು ಹಾಕಿಕೊಳ್ಳಲು ಒದ್ದಾಡಿದ್ದನ್ನು ಅವಳು ಕಿಟಕಿಯಿಂದ ನೋಡಿದ್ದಾಳೆ. ಹಿಂದಿನಿಂದ ಕರೆದರೆ ಕತ್ತು ತಿರುಗದೆ ಇಡೀ ಮೈ ತಿರುಗಿಸುತ್ತೀಯೆಂದೂ ಹೇಳಿದಳು. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ನಾನು ಇದನ್ನು ನೋಡಲೇ ಇಲ್ಲ. “ಅಪ್ಪಂಗೆ ಮಾಡೋರು ಯಾರಿದಾರೆ ಅತ್ತೆ, ನನ್ ವ್ಯಾಯಾಮ ಆಮೇಲ್ ನೋಡ್ಕೊಳ್ಳೋಣ” ಅನ್ನುತ್ತಾಳೆ. ನಾನು ಅತ್ತೆ, ಬೈದೆ, ಅವಳು ಕೇಳಲಿಲ್ಲ. ನಮ್ಮ ಮನೆಯ ಹುಡುಗಿಯಲ್ಲವೇ. ನಿನ್ನ ಹೆಸರನ್ನು ಕೀಲುರೋಗದ ಡಾಕ್ಟರ ಹತ್ತಿರ ಹದಿನಾರಕ್ಕೆ ಬರೆಸುತ್ತಿದ್ದೇನೆ, ಬಂದು ತೋರಿಸು. ಆದರೆ ಅದಕ್ಕಿಂತ ಮೊದಲು ಅವಳಿಗೆ ನಾಲ್ಕು ಸಾಲು ಬರೆ, “ನೀನು ನನಗೆ ಮಾಡುವುದು ಬೇಡ” ಎಂದು. ಬೇರೆ ಯಾರು ಹೇಳಿದರೂ ಅವಳು ಕೇಳುವುದಿಲ್ಲ. ಆ ಒಂದು ಮಾತನ್ನು ನಿನಗೆ ಹೇಳಲು ಹನ್ನೊಂದು ವರ್ಷ ನನಗೆ ಬಾಯಿ ಬರಲಿಲ್ಲ. ನಿನಗಾದರೂ ಬರಲಿ.