ನೀಲಿ ಲೋಶನ್, ಬಿಳಿ ಲೋಶನ್

ತಾರೀಕು ೯, ಜುಲೈ
ಅಂಗಡಿ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ನಿನ್ನ ಅಣ್ಣನ ಆಶೀರ್ವಾದ. ನೀನು ಚೆನ್ನಾಗಿದ್ದೀಯ ಎಂದು ನಿನ್ನ ಅತ್ತಿಗೆಯಿಂದ ತಿಳಿಯಿತು. ಅವಳಿಗೆ ಫೋನ್ ಮಾಡುತ್ತೀಯ, ನನಗೆ ಮಾಡುವುದಿಲ್ಲ, ಅದು ಸರಿಯೇ. ಬರೆಯಬೇಕು, ಬರೆಯಬೇಕು ಅಂದುಕೊಂಡೇ ಐದು ತಿಂಗಳು ಕಳೆದೆ, ಕ್ಷಮಿಸು. ಕೆಲಸ ಜಾಸ್ತಿ ಅಂತ ನೆಪ ಹೇಳೋಣವೆಂದರೆ, ಇರುವ ಎರಡು ಕುರ್ಚಿಯಲ್ಲಿ ಒಂದು ಖಾಲಿ ಬಿದ್ದಿದೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಬಾಯಿ ಎಂಥದ್ದು ಅಂತ ನಿನಗೆ ಗೊತ್ತು. ಅದಕ್ಕೇ ಈ ಕಾಗದ.

ಮೊದಲು ಸುದ್ದಿ. ನನಗೆ ಹುಳುಕಡ್ಡಿ ಆಗಿದೆ. ನಗಬೇಡ. ಸೊಂಟದಲ್ಲಿ ಬೆಲ್ಟು ಕೂರುವ ಜಾಗಕ್ಕೆ ಸರಿಯಾಗಿ, ಬಳೆಯಷ್ಟು ಅಗಲದ ಮೂರು ಕೆಂಪು ಉಂಗುರ. ನಡುವಿನ ಚರ್ಮ ವಾಸಿಯಾದ ಹಾಗೇ ಕಾಣುತ್ತದೆ, ಅಂಚು ಮಾತ್ರ ದಿನಾ ಬೆಳೆಯುತ್ತದೆ. ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಟ್ಟ ಹೊತ್ತಿಗೇ ನವೆ ಶುರು. ಕತ್ತಿ ಕೆಳಗಿಟ್ಟು ತುರಿಸಿಕೊಂಡರೆ ಮರ್ಯಾದೆ ಹೋಗುತ್ತದೆ, ತುರಿಸಿಕೊಳ್ಳದಿದ್ದರೆ ಜೀವ ಹೋಗುತ್ತದೆ. ಅಪ್ಪನ ಕಾಲದಿಂದ ಬಂದ ಔಷಧ ಅಂತ ಪಟಿಕ ಉಜ್ಜಿದೆ. ಕೇಳಲಿಲ್ಲ.

ಕೊನೆಗೆ ನಿನ್ನ ಅತ್ತಿಗೆ ಚರ್ಮದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. "ಎಷ್ಟು ದಿನದಿಂದ ಇದೆ?" ಅಂತ ಕೇಳಿದರು. ಒಂದು ತಿಂಗಳು ಅಂದೆ. "ಒಂದು ತಿಂಗಳಿಗೆ ಇಷ್ಟು ಅಗಲ ಆಗಲ್ಲವಲ್ಲ," ಅಂದರು. ನಾನು ಗೋಡೆ ನೋಡಿದೆ. ಚೀಟಿ ಬರೆದುಕೊಟ್ಟು, "ದಿನಕ್ಕೆ ಎರಡು ಸಲ ಲೋಶನ್ ಹಚ್ಚಿ," ಅಂದರು. ಚೀಟಿಯನ್ನು ಅಂಗಿ ಜೇಬಿಗೆ ಹಾಕಿಕೊಂಡೆ. ಅಂಗಿ ಒಗೆಯಲು ಹೋಯಿತು.

ಈಗ ನೀನೇ ಹೇಳು. ಇಪ್ಪತ್ತೆರಡು ವರ್ಷದಿಂದ ಗಡ್ಡ ಹೆರೆಯುವವನಿಗೆ ಲೋಶನ್ ಅಂದರೆ ಏನು? ಕನ್ನಡಿ ಕೆಳಗಿನ ನೀಲಿ ಬಾಟಲಿ. ಗಡ್ಡ ತೆಗೆದ ಮೇಲೆ ಕೆನ್ನೆಗೆ ತಟ್ಟುತ್ತೇವಲ್ಲ, ಅದೇ. ಇಷ್ಟು ಸುಲಭದ ಮದ್ದನ್ನು ಅಂಗಡಿಯಲ್ಲೇ ಇಟ್ಟುಕೊಂಡು ಒದ್ದಾಡಿದೆನಲ್ಲ ಅಂತ ಪರದೆ ಹಿಂದೆ ಹೋಗಿ ಬೊಗಸೆ ತುಂಬ ಸುರಿದುಕೊಂಡೆ. ಸೊಂಟಕ್ಕೆ ಬೆಂಕಿ ಬಿದ್ದ ಹಾಗಾಯಿತು. ಉರಿಯುತ್ತದೆ ಅಂದರೆ ಕೆಲಸ ಮಾಡುತ್ತಿದೆ ಅಂತ ನನ್ನ ಲೆಕ್ಕ. ಎರಡು ಹೊತ್ತೂ ಹಚ್ಚಿ, ಎರಡು ಹೊತ್ತೂ ಪರದೆ ಹಿಂದೆ ಕುಣಿದೆ. ಒಂಬತ್ತು ದಿನ.

ಮತ್ತೆ ಹೋದಾಗ ಡಾಕ್ಟರಮ್ಮ ಸೊಂಟ ನೋಡಿ ಗಾಬರಿಯಾದರು. "ಯಾವ ಲೋಶನ್ ಹಚ್ಚಿದಿರಿ?"

"ನೀಲಿದು ಮೇಡಂ. ಘಮಘಮ ಅನ್ನುತ್ತೆ."

ಅವರು ಕನ್ನಡಕ ತೆಗೆದಿಟ್ಟು ನಕ್ಕರು. ನಿನ್ನ ಅತ್ತಿಗೆ ನಗಲಿಲ್ಲ. ಮನೆಗೆ ಬಂದ ಮೇಲೆ ಅಲ್ಲಿಯದನ್ನೂ ಸೇರಿಸಿ ನಕ್ಕಳು.

ಉರಿ ಇಳಿಯುವವರೆಗೆ ನಾಲ್ಕು ದಿನ ಏನೂ ಮುಟ್ಟಿಸಬೇಡಿ ಅಂತ ಹೇಳಿ, ಈ ಸಲ ಪಾಠ ಒಪ್ಪಿಸಿಕೊಂಡೇ ಕಳಿಸಿದರು. ಅದು ಬಿಳಿ ಲೋಶನ್, ಹಾಲಿನ ಹಾಗಿರುತ್ತದೆ, ಉರಿಯುವುದಿಲ್ಲ. ಜಾಗ ತೊಳೆದು ಪೂರ್ತಿ ಒಣಗಿಸಬೇಕು. ಉಂಗುರದ ಒಳಗಷ್ಟೇ ಅಲ್ಲ, ಅಂಚಿನಿಂದ ಒಂದು ಹೆಬ್ಬೆರಳು ಆಚೆಯಿಂದ ಹಚ್ಚುತ್ತಾ ಒಳಗೆ ಬರಬೇಕು. ಆಮೇಲೆ ಕೈ ತೊಳೆಯಬೇಕು. ನವೆ ನಿಂತಿತು ಅಂತ ಬಿಡಬಾರದು, ಕಲೆ ಮಾಯವಾದ ಮೇಲೂ ಎರಡು ವಾರ ಹಚ್ಚಬೇಕು. ನಾನು ನಾನೇ ತಾನೆ, ಎಂಟನೇ ದಿನ ನವೆ ನಿಂತ ಕೂಡಲೇ ಬಿಟ್ಟೆ. ಹತ್ತು ದಿನದಲ್ಲಿ ಉಂಗುರ ಮತ್ತೆ ಹಾಜರ್. ಈಗ ನಿನ್ನ ಅತ್ತಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹಚ್ಚಿಸುತ್ತಾಳೆ. ಬಾಟಲಿ ಎಲ್ಲಿ ಸಿಕ್ಕಿತು ಅನ್ನುವುದು ಬೇರೆ ಕಥೆ.

ಡಾಕ್ಟರಮ್ಮ ಇನ್ನೊಂದು ಮಾತು ಕೇಳಿದರು: "ಬೆವರು ಯಾವುದರಲ್ಲಿ ಒರೆಸಿಕೊಳ್ಳುತ್ತೀರಿ?" ನನ್ನ ಹೆಗಲ ಮೇಲೆ ಸದಾ ಒಂದು ಟವೆಲ್ ಇರುತ್ತದಲ್ಲ. ಅಂಗಿ ಎತ್ತಿ ಸೊಂಟ ಒರೆಸಿಕೊಳ್ಳುವುದೂ ಅದರಲ್ಲೇ, ಅವಸರಕ್ಕೆ ಗಿರಾಕಿಯ ಕುತ್ತಿಗೆ ಒರೆಸುವುದೂ ಅದರಲ್ಲೇ. ನೀನು ಎಷ್ಟು ಸಲ "ಅಣ್ಣಾ, ಅದನ್ನ ಕೊಡು, ಬೇರೆ ತಗೋ" ಅಂದಿದ್ದೀಯ. ನೀನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕುತ್ತಿದ್ದ ಟವೆಲುಗಳಲ್ಲಿ ಈ ಸೋಂಕು ಇರಲಿಲ್ಲ. ಇದ್ದದ್ದು ನನ್ನ ಹೆಗಲ ಮೇಲೆ. ಇದು ನನಗೆ ಈಗ ಗೊತ್ತಾಯಿತು.

ಆ ಡ್ರಾಯಿಂಗ್ ಮೇಷ್ಟ್ರು ಕುತ್ತಿಗೆಯ ಉಂಗುರ ತೋರಿಸಿ "ಇದು ನಿಮ್ಮ ಅಂಗಡಿಯದೇ" ಅಂದ ದಿನ ನಾನು ಏನಂದೆ ಅಂತ ಇಲ್ಲಿ ಬರೆಯಲೇಬೇಕು. "ಟವೆಲ್ ಇವನ ಕೆಲಸ, ಇವನನ್ನೇ ಕೇಳಿ. ಕೈ ಶುದ್ಧ ಇಲ್ಲದವನನ್ನ ಇಟ್ಟುಕೊಂಡದ್ದೇ ನನ್ನ ತಪ್ಪು" ಅಂದೆ. ನಾಲ್ಕು ಜನ ಗಿರಾಕಿಗಳಿದ್ದರು. ನೀನು ಕೈಯಲ್ಲಿದ್ದ ಟವೆಲನ್ನು ನಾಲ್ಕಾಗಿ ಮಡಚಿ, ಕುರ್ಚಿಯ ಕೈ ಮೇಲಿಟ್ಟು ಹೊರಟುಹೋದೆ.

ಹೋದ ವಾರ ಮೇಷ್ಟ್ರ ಮನೆಗೇ ಹೋಗಿ, ತಪ್ಪು ನನ್ನದು, ತಮ್ಮನದಲ್ಲ ಅಂದೆ. "ನನ್ನ ಕುತ್ತಿಗೆ ಎಂದೋ ವಾಸಿಯಾಯಿತು. ಇದನ್ನ ನನಗೆ ಹೇಳಿ ಏನು ಬಂತು? ಅವನಿಗೆ ಹೇಳಿ," ಅಂದರು. ಅದಕ್ಕೇ ಹೇಳುತ್ತಿದ್ದೇನೆ. ನಾನು ತಪ್ಪು ಮಾಡಿದೆ ಕಣೋ. ನಿನ್ನ ಕುರ್ಚಿಗೆ ಯಾರನ್ನೂ ಕೂರಿಸಿಲ್ಲ, ಕೂರಿಸುವುದೂ ಇಲ್ಲ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಅಲ್ಲೇ ಇರುವುದಾದರೂ ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗುಣ ಎಲ್ಲಿದ್ದರೂ ಬೆಳೆಯಲಿ.

ಇಂತಿ,
ನಿನ್ನ ಅಣ್ಣ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. "ಈಗ ಗೊತ್ತಾಯಿತು" ಅಂತ ಮೇಲೆ ಬರೆದದ್ದು ಸುಳ್ಳು. ಮೇಷ್ಟ್ರು ಕುತ್ತಿಗೆ ತೋರಿಸಿದ ದಿನವೇ ನನ್ನ ಸೊಂಟದಲ್ಲಿ ಅದೇ ಉಂಗುರ ಇತ್ತು. ನೋಡಿದ ಕೂಡಲೇ ಗೊತ್ತಾಗಿತ್ತು. ಇನ್ನು ಬಾಟಲಿ. ಡಾಕ್ಟರಮ್ಮನ ಎರಡನೇ ಚೀಟಿ ಹಿಡಿದುಕೊಂಡೇ ಬಾಚಣಿಗೆಗೆ ಅಂತ ನಿನ್ನ ಡ್ರಾಯರ್ ಎಳೆದೆ. ಅದೇ ಹೆಸರಿನ ಬಿಳಿ ಲೋಶನ್, ಮುಚ್ಚಳ ಒಡೆದಿರಲಿಲ್ಲ. ಮೇಲೆ ನಿನ್ನ ಅಕ್ಷರ: "ಅಣ್ಣನಿಗೆ, ದಿನಕ್ಕೆ ಎರಡು ಸಲ." ಜೊತೆಗಿದ್ದ ರಸೀದಿಯಲ್ಲಿ ಮೇಷ್ಟ್ರು ಬಂದದ್ದಕ್ಕಿಂತ ನಾಲ್ಕು ದಿನ ಮುಂಚಿನ ತಾರೀಕು. ಅಂದರೆ ನಿನಗೂ ಗೊತ್ತಿತ್ತು; ಅಷ್ಟು ಜನರ ಮುಂದೆ ನೀನು ಬಾಯಿ ಬಿಡಲಿಲ್ಲ. ನನಗೂ ಗೊತ್ತಿತ್ತು, ನಾನು ಬಾಯಿ ಬಿಟ್ಟೆ.