ಐದು ಗಂಟೆಗೆ ಹಾಕಿದ ಎಲೆ

ಜಮಖಂಡಿ, ದಸರೆ ರಜೆಯ ರವಿವಾರ, ೧೯೩೮

ಸುಪಾರ್ಶ್ವ,

ನಿನ್ನ ರಾಜೀನಾಮೆ ಮಂಜೂರಾಗಿದೆ. ಇಂದು ಹಿಪ್ಪರಗಿಯ ಹೊಳೆದಂಡೆಯಲ್ಲಿ ಕಚೇರಿಯವರ ಊಟವಿತ್ತು; ಅಲ್ಲಿ ಹೆಡ್‌ಕ್ಲಾರ್ಕ್ ನಾಮದೇವರಾಯರು ಹೇಳಿದರು.

ಜೈನನಾದ ನೀನು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ಪ್ರತಿ ವರ್ಷ ಐದಕ್ಕೇ ಎಲೆ ಹಾಕುತ್ತಿದ್ದೆವು. ಇಂದೂ ರೂಢಿಯಂತೆ ಹಾಕಿದೆ.

“ಬಿಸಲ ಇನ್ನೂ ಐತಿ, ಯಾರ ಸಲುವಾಗಿ ಇಷ್ಟ ಲಗೂ ಬಡಸಾಕತ್ತೀ ಲೇ?” ಎಂದು ಹಣಮಂತ ನಕ್ಕ. ಆಮೇಲೆ ನಿನ್ನ ನೆನಪಾಗಿ, ಎದ್ದು ಹೊಳೆಯ ಕಡೆ ಹೋದ.

ಹೋಳಿಗೆ ಉಳಿಯಿತು. ವೈನ್ ಬಾಟಲಿ ಸುತ್ತಿ ಬಂತು, ನಾನು ಮುಟ್ಟಲಿಲ್ಲ. ಚೌತಿಯ ಊಟದಲ್ಲಿ ನಿನ್ನ ಶರಬತ್ತಿಗೆ ಅದನ್ನು ಬೆರೆಸಿದವರು ಯಾರೆಂದು ನೀನು ಕೇಳಿದಾಗ ಎಲ್ಲರೂ ಹಣಮಂತನ ಕಡೆ ನೋಡಿದರು. ನಾನೂ ನೋಡಿದೆ. ಮರುದಿನದಿಂದ ನೀನು ಕಚೇರಿಗೆ ಬರಲಿಲ್ಲ.

ಶರಬತ್ತು ಮಾಡಿದವನು ನಾನು.

ಬುಧವಾರ ಹನ್ನೊಂದು ಗಂಟೆಗೆ ನಿನ್ನ ಕೆಲಸವನ್ನು ನನಗೆ ಒಪ್ಪಿಸುತ್ತಾರೆ.